ಡೂಪ್ಲಿಕೇಟ್ ಮಿಂಚುಪಡೆ

ಮೊನ್ನೆ ಭಾನುವಾರ ಬೆಳಿಗ್ಗೆ ಚಾಮರಾಜನಗರದ ನಮ್ಮ ಮನೆಯಲ್ಲಿ ಒಂದು ಉಪವಾಸ ಸತ್ಯಾಗ್ರಹ ನಡೆಯಿತು. ಆರನೇ ತರಗತಿಯ ನನ್ನ ಮಗಳು ಇಡ್ಲಿ ಮುಟ್ಟದೆ ಗೋಡೆಯ ಕಡೆ ಮುಖ ಮಾಡಿಕೊಂಡು ಕೂತಿದ್ದಳು. ಕಾರಣ ಕೇಳಿದರೆ, ಅವಳು ಮೂರು ವರ್ಷದಿಂದ ಟೀವಿಯಲ್ಲಿ ನೋಡಿಕೊಂಡು ಬಂದಿದ್ದ ಯಾವುದೋ ವೀರರ ತಂಡದಲ್ಲಿ ಹಳಬರನ್ನೆಲ್ಲ ಮನೆಗೆ ಕಳಿಸಿ ಹೊಸಬರನ್ನು ಸೇರಿಸಿಕೊಂಡಿದ್ದಾರಂತೆ. "ಇದಕ್ಕೆಲ್ಲ ಯಾರಾದರೂ ತಿಂಡಿ ಬಿಡ್ತಾರಾ? ಸ್ವಲ್ಪ ಬುದ್ಧಿ ಹೇಳಿ" ಎಂದು ಹೆಂಡತಿ ನನ್ನ ಕಡೆ ನೋಡಿದಳು. ನಾನು ಚಟ್ನಿ ಬಡಿಸಿಕೊಳ್ಳುವ ನೆಪದಲ್ಲಿ ತಲೆ ತಗ್ಗಿಸಿದೆ. ಇದೇ ಕಾರಣಕ್ಕೆ, ಹೆಚ್ಚುಕಡಿಮೆ ಇದೇ ವಯಸ್ಸಿನಲ್ಲಿ, ಎರಡು ಹೊತ್ತು ಮುದ್ದೆ ಬಿಟ್ಟವನು ನಾನು. ಬುದ್ಧಿ ಹೇಳಲು ಯಾವ ಬಾಯಿ?

ನನ್ನ ಊರು ಗುಂಡ್ಲುಪೇಟೆ ತಾಲ್ಲೂಕಿನ ಭೀಮನಬೀಡು. ನಾನು ಹೇಳುತ್ತಿರುವುದು ತೊಂಬತ್ತರ ದಶಕದ ಮಾತು. ಚಾಮರಾಜನಗರ ಇನ್ನೂ ಜಿಲ್ಲೆಯಾಗಿರಲಿಲ್ಲ, ನಮಗೆ ದೊಡ್ಡ ಪಟ್ಟಣವೆಂದರೆ ಗುಂಡ್ಲುಪೇಟೆಯೇ. ಅಪ್ಪ ಅಲ್ಲಿ ಒಂದು ಸರ್ಕಾರಿ ಕಚೇರಿಯಲ್ಲಿ ಅಟೆಂಡರ್. ಬಸ್ ಸ್ಟ್ಯಾಂಡಿನ ಪಕ್ಕದ ಪೇಪರ್ ಅಂಗಡಿಯವರು ಅಪ್ಪನಿಗೆ ಸ್ನೇಹಿತರು. ಶನಿವಾರ ಸಂಜೆ ಒಂದು ಚಿತ್ರಕತೆ ಪುಸ್ತಕ ಕೊಟ್ಟು ಕಳಿಸುತ್ತಿದ್ದರು, ಸೋಮವಾರ ಬೆಳಿಗ್ಗೆ ಅದು ಮೂಲೆ ಮಡಿಸದೆ, ಎಣ್ಣೆ ಕಲೆಯಾಗದೆ ಅವರ ಅಂಗಡಿಯ ದಾರಕ್ಕೆ ವಾಪಸ್ ನೇತುಬೀಳಬೇಕು. ಹಾಗಾಗಿ ಶನಿವಾರ ಸಂಜೆ ಬಸ್ಸಿನ ಹಾರನ್ ಕೇಳಿಸುವ ಮೊದಲೇ ನಾನೂ ಗೆಳೆಯ ಸಿದ್ದರಾಜುವೂ ಕೈಗೆ ಸೋಪು ಹಾಕಿ ತೊಳೆದುಕೊಂಡು ನಿಂತಿರುತ್ತಿದ್ದೆವು. ಊಟಕ್ಕೆ ಕೈ ತೊಳೆಯದ ಮಕ್ಕಳು ಪುಸ್ತಕಕ್ಕೆ ತೊಳೆಯುತ್ತವಲ್ಲ ಎಂದು ಅವ್ವನಿಗೆ ಸೋಜಿಗ.

ಆ ಪುಸ್ತಕದಲ್ಲಿ ಬರುತ್ತಿದ್ದುದು 'ಮಿಂಚುಪಡೆ'. ಮೂವರು ವೀರರು. ಒಬ್ಬ ಹಾರುತ್ತಿದ್ದ, ಒಬ್ಬ ಬಂಡೆಯನ್ನು ಒಂದೇ ಕೈಯಲ್ಲಿ ಎತ್ತುತ್ತಿದ್ದ, ಇನ್ನೊಬ್ಬ ನೀರೊಳಗೆ ಮೀನಿನ ಹಾಗೆ ಉಸಿರಾಡುತ್ತಿದ್ದ. ಬೇರೆ ಊರಿನ ಮಕ್ಕಳಿಗೆ ಇವರೆಲ್ಲ ಬರೀ ಚಿತ್ರಗಳು. ನಮಗೆ ಹಾಗಲ್ಲ. ನಮ್ಮೂರಲ್ಲಿ ಈ ಮೂವರೂ ನಿಜವಾಗಿಯೇ ಇದ್ದರು, ಬೆಳಿಗ್ಗೆ ಎದ್ದರೆ ಟೀ ಅಂಗಡಿಯಲ್ಲಿ ಕಾಣಸಿಗುತ್ತಿದ್ದರು.

ಅದು ಹೇಗೆಂದು ತಿಳಿಯಬೇಕಾದರೆ ನಿಮಗೆ ನಮ್ಮ ಬಾವಿಗಳು ಗೊತ್ತಿರಬೇಕು. ನಮ್ಮವು ಹಿತ್ತಲಲ್ಲಿ ರಾಟೆ ಹಾಕಿ ಸೇದುವ ಬಾವಿಗಳಲ್ಲ. ಹೊಲದ ನಡುವೆ ಒಂದು ಮನೆಯಷ್ಟು ಅಗಲಕ್ಕೆ ತೋಡಿದ ಕಪಿಲೆ ಬಾವಿಗಳು. ಎತ್ತು ಕಟ್ಟಿ ನೀರೆತ್ತುವ ಕಪಿಲೆಯ ಕಾಲ ಮುಗಿದು ಪಂಪ್‌ಸೆಟ್ ಬಂದಿತ್ತು. ಹಳೆಯ ಕಲ್ಲುಚಪ್ಪಡಿಗಳು ಮಾತ್ರ ಬಾವಿಯ ಮೇಲೆ ನಾಲಗೆಯಂತೆ ಚಾಚಿಕೊಂಡು ಉಳಿದಿದ್ದವು. ಸುತ್ತ ಕಟ್ಟೆಯಿಲ್ಲ, ಬೇಲಿಯಿಲ್ಲ. ಮೇಕೆ ಬೀಳುತ್ತಿತ್ತು, ಎತ್ತು ಬೀಳುತ್ತಿತ್ತು, ಮನುಷ್ಯರೂ ಬೀಳುತ್ತಿದ್ದರು. ಕೆಲವರು ಕಾಲು ಜಾರಿ, ಕೆಲವರು ಮನಸ್ಸು ಮುರಿದು.

ಆಗೆಲ್ಲ ಊರು ಕೂಗುತ್ತಿದ್ದುದು ಮೂರೇ ಹೆಸರು. ಬೊಮ್ಮಣ್ಣ, ಬಾವಿಯ ಗೋಡೆಯ ಸಂದುಗೊಂದುಗಳಲ್ಲಿ ಬೆರಳಿಟ್ಟು ಹಲ್ಲಿಯಂತೆ ಇಳಿಯುವವರು. ಕೆಂಪಯ್ಯ, ಎತ್ತನ್ನು ಕಟ್ಟಿದ ಹಗ್ಗವನ್ನೂ ಸೊಂಟಕ್ಕೆ ಸುತ್ತಿಕೊಂಡು ಎಳೆಯುವವರು. ಮತ್ತು ಇಬ್ಬರಿಗೂ ಹಿರಿಯರು, ನಾವು ಮಕ್ಕಳೆಲ್ಲ ಮಾದಪ್ಪತಾತ, ದೊಡ್ಡವರು ಮಾವ ಎನ್ನುತ್ತಿದ್ದವರು. ತಾತ ಮುಳುಗಿದರೆ ದಡದಲ್ಲಿದ್ದವರು ಉಸಿರು ಹಿಡಿದು ಹಿಡಿದು ಸೋತು ಬಿಡುತ್ತಿದ್ದರು, ತಾತ ಮಾತ್ರ ಇನ್ನೂ ಒಳಗೇ ಇರುತ್ತಿದ್ದರು. ಮೂವರಿಗೂ ಯಾರೂ ಈ ಕೆಲಸ ವಹಿಸಿದ್ದಲ್ಲ. ಯಾವತ್ತೋ ಒಂದು ದಿನ ಯಾರೋ ಬಿದ್ದರು, ಇವರು ಇಳಿದರು, ಅಷ್ಟೆ. ಆಮೇಲೆ ಊರಿಗೆ ಅದೇ ರೂಢಿಯಾಯಿತು.

ಹೀಗಿರುವಾಗ ಒಂದು ಶನಿವಾರ ಬಂದ ಪುಸ್ತಕದ ಕೊನೆಯ ಪುಟದಲ್ಲಿ ಮಿಂಚುಪಡೆಯ ಮೂವರೂ ತಮ್ಮ ಉಡುಪು ಮಡಿಸಿಟ್ಟು ಬೆಟ್ಟದ ಕಡೆ ನಡೆದುಬಿಟ್ಟರು! ಮುಂದಿನ ವಾರ ಅವರ ಜಾಗದಲ್ಲಿ ಹೊಸಬರು. ಅದರಲ್ಲೊಬ್ಬಳು ಹುಡುಗಿ, ಅದೂ ಕನ್ನಡಕ ಹಾಕಿದವಳು. ಇನ್ನೊಬ್ಬನಿಗೆ ಉಳಿದವರ ಭಾಷೆಯೇ ಬಾರದು. ನಾನು ಮುದ್ದೆ ಬಿಟ್ಟದ್ದು ಆಗಲೇ. ಮೂರನೇ ಹೊತ್ತಿಗೆ ಹಸಿವು ತಡೆಯಲಾಗದೆ, ಸತ್ಯಾಗ್ರಹದ ಬದಲು ಪತ್ರ ಚಳವಳಿ ಮಾಡುವುದೆಂದು ತೀರ್ಮಾನಿಸಿದೆ. ಪುಸ್ತಕದ ಸಂಪಾದಕರಿಗೆ ಪತ್ರ ಬರೆಯುವುದು ಹೇಗೆಂದು ಅಪ್ಪನನ್ನು ಕೇಳಿದೆ. ಅಪ್ಪನಿಗೆ ಗೊತ್ತಿದ್ದುದು ಒಂದೇ ಬಗೆಯ ಪತ್ರ. 'ಮಾನ್ಯರೇ, ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ಸದರಿ ವೀರರನ್ನು ಕೂಡಲೇ ಸೇವೆಗೆ ಮರುನೇಮಕ ಮಾಡಿಕೊಳ್ಳಬೇಕಾಗಿ...' ಎಂದು ಹೇಳಿ ಬರೆಸಿದರು. ಕೆಳಗೆ ನಾನೂ ಸಿದ್ದರಾಜುವೂ ಸಹಿ ಹಾಕಿದೆವು. ಉತ್ತರ ಬರಲಿಲ್ಲ. ನಮ್ಮ ಅರ್ಜಿ ಮೇಲಧಿಕಾರಿಗಳ ಪರಿಶೀಲನೆಯಲ್ಲಿದೆ ಎಂದು ಅಪ್ಪ ಬಹಳ ದಿನ ಸಮಾಧಾನ ಹೇಳಿದರು.

ಪುಸ್ತಕದ ಗಾಯ ಮಾಯುವ ಮೊದಲೇ ಊರಿನಲ್ಲೂ ಅದೇ ಆಯಿತು.

ಒಬ್ಬರ ಎತ್ತು ಬಾವಿಗೆ ಬಿದ್ದಿತ್ತು. ಅದರ ಹೊಟ್ಟೆಯಡಿ ಹಗ್ಗ ತೂರಿಸಲು ಮುಳುಗಿದ ಮಾದಪ್ಪತಾತ ಮೇಲೆ ಬಂದಾಗ ಮೂಗು, ಕಿವಿ ಎರಡರಲ್ಲೂ ರಕ್ತ. ಬೊಮ್ಮಣ್ಣ ಕೆಳಗಿಳಿದು ಅವರನ್ನು ಹಿಡಿದುಕೊಳ್ಳದಿದ್ದರೆ ಅವತ್ತು ತಾತ ಉಳಿಯುತ್ತಿರಲಿಲ್ಲ. ಗುಂಡ್ಲುಪೇಟೆಯ ಡಾಕ್ಟರು, ಕಿವಿಯ ತಮಟೆ ಹರಿದಿದೆ, ಎದೆಯೂ ಸರಿಯಿಲ್ಲ, ಇನ್ನು ನೀರಿಗಿಳಿದರೆ ಜೀವಕ್ಕೇ ಅಪಾಯ ಎಂದರಂತೆ. ಬೊಮ್ಮಣ್ಣನ ಮಂಡಿ, ಕೆಂಪಯ್ಯನ ಬೆನ್ನು ಮೊದಲೇ ಸೋತಿದ್ದವು, ಅವತ್ತಿಗೆ ಪೂರ್ತಿ ಹೋದವು. ಅದಾದ ವಾರಕ್ಕೆ ತಾತ ಊರವರನ್ನು ಅರಳಿಕಟ್ಟೆಯ ಹತ್ತಿರ ಸೇರಿಸಿದರು.

"ನನ್ ಉಸ್ರು ನನ್ ಮಾತ್ ಕೇಳ್ತಾ ಇಲ್ಲ ಕನ್ರಪ್ಪಾ" ಎಂದರು ತಾತ. "ಇನ್ಮೇಲೆ ನಾ ಇಳುದ್ರೆ ನೀವು ಒಬ್ಬುನ್ನಲ್ಲ, ಇಬ್ಬುರ್ನ ಎತ್ಬೇಕಾಯ್ತದೆ. ಒಸಬ್ರು ಯಾರಾರ ಬನ್ನಿ, ನಮಗ್ ತಿಳ್ದಿರೋದ್ನ ಯೇಳ್ಕೊಡ್ತೀವಿ."

ಗರಡಿಯ ಹುಡುಗರು ಆರೇಳು ಮಂದಿ ತೋಳು ಮಡಿಸಿಕೊಂಡು ಮುಂದೆ ಬಂದರು. ತಾತ ಎಲ್ಲರನ್ನೂ ಕೇಳಿದ್ದು ಒಂದೇ ಪ್ರಶ್ನೆ: "ಅರ್ಧ ಇಳ್ದಾಗ ಭಯ ಆಯ್ತು ಅನ್ಕೊ, ಏನ್ ಮಾಡೀಯೆ?"

"ಭಯ್ವಾ? ನಮ್ಗಾ?" ಎಂದು ಅವರು ನಕ್ಕರು. "ಸರಿ, ಓಗ್ ಕುಂತ್ಕೊ" ಎಂದು ತಾತ ಒಬ್ಬೊಬ್ಬರನ್ನೇ ಹಿಂದಕ್ಕೆ ಕಳಿಸಿದರು. ಪೈಲ್ವಾನರೆಲ್ಲ ಮುಖ ಕೆಂಪಗೆ ಮಾಡಿಕೊಂಡು ಕಟ್ಟೆಯ ಮೇಲೆ ಕೂತರು.

ಆಗ ಹೆಂಗಸರ ಗುಂಪಿನಿಂದ ರತ್ನಕ್ಕ ಎದ್ದು ಬಂದಳು. ಈರುಳ್ಳಿ ಹೊಲಗಳಿಗೆ ಕೂಲಿಗೆ ಹೋಗುತ್ತಿದ್ದವಳು, ಎರಡು ಮಕ್ಕಳ ತಾಯಿ. ತವರು ಸಂತೆಮರಹಳ್ಳಿ ಕಡೆ. ಅವಳ ಅಪ್ಪ ಅಲ್ಲಿ ಕೆರೆಯ ತೂಬು ನೋಡಿಕೊಳ್ಳುವ ನೀರುಗಂಟಿಯಾಗಿದ್ದುದರಿಂದ ನಡೆಯುವುದಕ್ಕೂ ಮೊದಲು ಈಜು ಕಲಿತಿದ್ದಳು ಎಂದು ಆಮೇಲೆ ತಿಳಿಯಿತು. ಅವಳು ಸೆರಗು ಬಿಗಿದುಕೊಂಡು, ತಾತ ಕೇಳುವ ಮೊದಲೇ ಹೇಳಿದಳು: "ಭಯ ಆಯ್ತದೆ ಮಾವ. ಆದ್ರೆ ಕೂಗಿ ಯೇಳ್ತೀನಿ, ಭಯ ಆಯ್ತಾ ಅದೆ, ಅಗ್ಗ ಬಿಗಿಯಾಗಿ ಇಡ್ಕಳಿ ಅಂತ."

"ನೀನ್ ಬಾ" ಎಂದರು ತಾತ.

ಅವಳ ಅತ್ತೆ ಅಲ್ಲೇ ರೇಗಿದಳು. "ಎಂಗ್ಸು ಬಾವಿಗಿಳುದ್ರೆ ಕಂಡೋರು ಏನಂದಾರು?"

ತಾತ ಅವಳ ಕಡೆ ತಿರುಗಿ ಮೆತ್ತಗೆ ಹೇಳಿದರು: "ತಂಗ್ಯವ್ವ, ನಾನ್ ಬಾವಿಯಿಂದ ಎತ್ತಿರೋರಲ್ಲಿ ಅರ್ಧ ಜನ ಎಂಗಸ್ರೇಯ. ನನ್ ಮೊಕ ಕಂಡ್ರೆ ನಾಚ್ಕಂಡು ಕೈಯೇ ಕೊಡ್ತಿರ್ನಿಲ್ಲ. ಇವ್ಳು ಇಳುದ್ರೆ ಕೈ ಕೊಟ್ಟಾರು." ಅತ್ತೆಯೇ ಕಣ್ಣೊರೆಸಿಕೊಂಡು, "ಮಕ್ಳ ನಾ ನೋಡ್ಕತೀನಿ, ಓಗು" ಎಂದಳು.

ಇನ್ನಿಬ್ಬರು ಸೇರಿದರು. ಕರೆಂಟ್ ಕಂಬ ಹತ್ತುವ ಲೈನ್‌ಮನ್ ಶಿವಮಲ್ಲು ಒಬ್ಬ. ಕಂಬ ಹತ್ತುವಾಗ ದಿನವೂ ಭಯವಾಗುತ್ತದೆ ಎಂದು ಅವನು ಒಪ್ಪಿಕೊಂಡನಂತೆ. ಮತ್ತೊಬ್ಬ ವಯನಾಡಿನಿಂದ ಬಂದು ನಮ್ಮೂರಲ್ಲಿ ಗುತ್ತಿಗೆಗೆ ಜಮೀನು ಹಿಡಿದು ಶುಂಠಿ ಬೆಳೆಯುತ್ತಿದ್ದವನು. ಅವನ ಹೆಸರು ಏನೋ ಇತ್ತು, ನಮಗೆಲ್ಲ ಅವನು ಶುಂಠಿ ಚೇಟ, ಅವರ ಮಾತಲ್ಲಿ ಶುಂಠಿ ಅಣ್ಣ. ಅವನ ಕನ್ನಡ ಅರ್ಧ ಮಲಯಾಳಂ. ತಾತನ ಪ್ರಶ್ನೆಯೇ ಅರ್ಥವಾಗದೆ ಸುಮ್ಮನೆ ನಕ್ಕು ತಲೆಯಾಡಿಸಿದನೆಂದೂ, ಹೇಗೋ ಆಯ್ಕೆಯಾದನೆಂದೂ ಸಿದ್ದರಾಜು ಇವತ್ತಿಗೂ ವಾದಿಸುತ್ತಾನೆ.

ಒಂದು ಹೆಂಗಸು, ಒಬ್ಬ ಭಾಷೆ ಬಾರದವನು! ಪುಸ್ತಕದ ಹೊಸಬರೇ ಎದ್ದು ಬಂದಂತಾಯಿತು ನಮಗೆ. ನನ್ನ ಸಿಟ್ಟೆಲ್ಲ ಇವರ ಕಡೆ ತಿರುಗಿತು. ಊರ ಹೊರಗಿನ ಕಲ್ಲುಕ್ವಾರಿಯ ಹೊಂಡದಲ್ಲಿ ಅವರು ದಿನಾ ಸಂಜೆ ಅಭ್ಯಾಸ ಮಾಡುತ್ತಿದ್ದರು. ತಾತ ದಡದಲ್ಲಿ ಕೂತು ಗಂಟು ಹಾಕುವುದು, ಮುಳುಗುವವರನ್ನು ಹಿಂದಿನಿಂದ ಹಿಡಿಯುವುದು, ಎಲ್ಲ ಹೇಳಿಕೊಡುತ್ತಿದ್ದರು. ನಾವು ದಿಬ್ಬದ ಮೇಲೆ ನಿಂತು "ಡೂಪ್ಲಿಕೇಟ್! ಡೂಪ್ಲಿಕೇಟ್ ಮಿಂಚುಪಡೆ!" ಎಂದು ಕೂಗಿ ಓಡುತ್ತಿದ್ದೆವು. ರತ್ನಕ್ಕ ಒಮ್ಮೆ ನೀರಿನಿಂದ ತಲೆಯೆತ್ತಿ ಸಿದ್ದರಾಜುವನ್ನು ಕೇಳಿದಳು: "ಯಾಕಾ ಮಗ, ಡೂಪ್ಲಿಕೇಟು ಅಂದ್ರೆ ಏನ್ಲಾ?" ಸಿದ್ದರಾಜು ಅರ್ಥ ಬಿಡಿಸಿ ಹೇಳಲು ಹೋಗಿ, ನಾಚಿಕೊಂಡು, "ಒಳ್ಳೇವ್ರು ಅಂತ" ಎಂದುಬಿಟ್ಟ. ಅವಳು ಸಂತೋಷಪಟ್ಟು ಮತ್ತೆ ಮುಳುಗಿದಳು.

ಈಗ ನನ್ನ ಘನಕಾರ್ಯಕ್ಕೆ ಬರುತ್ತೇನೆ.

ಈರುಳ್ಳಿ ಕೀಳುವ ಕಾಲ. ಅದೊಂದು ಭಾನುವಾರ, ಮಧ್ಯಾಹ್ನ. ನಮ್ಮ ಹೊಲದ ಪಕ್ಕದ ಬಾವಿಯ ಕಪಿಲೆ ಕಲ್ಲಿನ ಮೇಲೆ ಕಾಲು ಇಳಿಬಿಟ್ಟುಕೊಂಡು ನಾನು ಮಿಂಚುಪಡೆ ಓದುತ್ತಿದ್ದೆ, ಸಿದ್ದರಾಜು ಪಕ್ಕದ ಹುಣಸೆ ಮರದ ನೆರಳಲ್ಲಿದ್ದ. ಅಲ್ಲಿ ಕೂರಬಾರದೆಂದು ಅವ್ವ ಹೇಳಿದ್ದಳು, ಅಪ್ಪ ಹೇಳಿದ್ದರು, ಮಾದಪ್ಪತಾತ ಕಿವಿ ಹಿಂಡಿ ಹೇಳಿದ್ದರು. ಹೊಸಬರ ಕತೆಯನ್ನು ಓದುವುದಿಲ್ಲವೆಂದು ಆಣೆ ಮಾಡಿದ್ದ ನಾನು, ಅವರು ಎಲ್ಲಿ ಎಡವುತ್ತಾರೆ ನೋಡೋಣ ಎಂಬ ಒಂದೇ ಆಸೆಯಿಂದ ಓದುತ್ತಿದ್ದೆ. ಪುಟ ತಿರುಗಿಸಲು ಸ್ವಲ್ಪ ಮುಂದಕ್ಕೆ ಬಾಗಿದೆ. ಕಲ್ಲು ವಾಲಿತು.

ಬಿದ್ದದ್ದು ನೆನಪಿಲ್ಲ. ಮೂಗಿಗೆಲ್ಲ ನೀರು ನುಗ್ಗಿದ್ದು, ಕೈಗೆ ಪಂಪ್‌ಸೆಟ್ಟಿನ ಪೈಪು ಸಿಕ್ಕಿದ್ದು ನೆನಪಿದೆ. ಪೈಪಿನ ತುಂಬ ಪಾಚಿ. ಹಿಡಿದಷ್ಟೂ ಜಾರುತ್ತಿತ್ತು. ಮೇಲೆ ಸಿದ್ದರಾಜು "ಮಯೇಸ ಬಿದ್ಬುಟ್ಟ! ಮಯೇಸ ಬಾವಿಗ್ ಬಿದ್ಬುಟ್ಟ!" ಎಂದು ಕೂಗುತ್ತ ಓಡಿದ್ದು ಕೇಳಿಸಿತು. ಆಮೇಲೆ ಏನೂ ಇಲ್ಲ. ಬಾವಿಯ ಅಡಿಯಿಂದ ನೋಡಿದರೆ ಆಕಾಶ ಒಂದು ಮೊರದಷ್ಟಿರುತ್ತದೆ ಎಂದು ನನಗೆ ತಿಳಿದದ್ದು ಅವತ್ತೇ.

ಆ ಮೊರದೊಳಗೆ ಮೊದಲು ಕಾಣಿಸಿದ ಮುಖ ಮಾದಪ್ಪತಾತನದು. ಅವರ ಹೊಲ ಅಲ್ಲೇ ಪಕ್ಕದಲ್ಲಿತ್ತು. ನನಗಾದ ಸಂತೋಷ ಹೇಳತೀರದು. ಅಸಲಿ ವೀರನೇ ಬಂದಿದ್ದಾನೆ! "ತಾತಾ, ಧುಮುಕು ತಾತಾ!" ಎಂದು ಕೂಗಿದೆ. ತಾತ ತಲೆಯ ಟವೆಲ್ಲು ಕಿತ್ತೆಸೆದರು, ಅಂಗಿ ಬಿಚ್ಚಿದರು, ಒಂದು ಕಾಲನ್ನು ಅಂಚಿಗೆ ಇಟ್ಟರು.

ಹಾಗೇ ನಿಂತರು.

ಎಷ್ಟು ಹೊತ್ತೋ ಗೊತ್ತಿಲ್ಲ. ಆಮೇಲೆ ಆ ಕಾಲನ್ನು ಹಿಂದಕ್ಕೆ ತೆಗೆದುಕೊಂಡು ಅಂಚಿನಲ್ಲಿ ಬೋರಲು ಮಲಗಿ, ಕೆಳಕ್ಕೆ ಕತ್ತು ಚಾಚಿದರು. "ಮಯೇಸ, ಪೈಪ್ ಬುಡ್ಬ್ಯಾಡ ಕನಪ್ಪ. ನಾ ಇಲ್ಲೇ ಇವ್ನಿ. ರತ್ನ ಬತ್ತಾ ಅವ್ಳೆ."

"ನೀನೇ ಬಾ ತಾತಾ!"

"ನಾ ಬಂದ್ರೆ ನಿನ್ ಮೇಲೇ ಬಿದ್ಬುಟ್ಟೇನು ಕನ್ಲಾ. ಈಗ ನೀನ್ ನಂಗೊಂದು ಕತೆ ಯೇಳು. ಅದೇನೋ ಓದ್ತಿದ್ದಲ್ಲ, ಮಿಂಚೋ ಸಿಡ್ಲೋ, ಏನದು?"

ನೀರಲ್ಲಿ ಹಲ್ಲು ಕಡಿಯುತ್ತ ಕತೆ ಹೇಳುವ ಹುಡುಗನನ್ನು ನೀವು ಕಂಡಿದ್ದೀರೋ ಇಲ್ಲವೋ, ಅವತ್ತು ನಾನು ಹೇಳಿದೆ. ತಾತ ಬಿಡಲಿಲ್ಲ. ನಾನು ನಿಲ್ಲಿಸಿದಾಗಲೆಲ್ಲ "ಊ, ಆಮ್ಯಾಲೆ?" ಎನ್ನುತ್ತಿದ್ದರು. ಒಬ್ಬ ಹಾರುತ್ತಾನೆ ಎಂದೆ. ಒಬ್ಬ ನೀರಲ್ಲೇ ಉಸಿರಾಡುತ್ತಾನೆ ಎಂದೆ. ಈಗ ಅವರ್ಯಾರೂ ಇಲ್ಲ, ಬಿಟ್ಟು ಹೋದರು ಎನ್ನುವಾಗ ನನಗೆ ಅಳು ತಡೆಯಲಿಲ್ಲ.

"ಎಲ್ಗೋದ್ರು? ಸತ್ತೋದ್ರಾ?"

"ಇಲ್ಲ. ಬೆಟ್ಟುಕ್ಕೋದ್ರು."

"ಮತ್ಯಾಕ್ಲಾ ಅಳ್ತೀಯೆ? ಬದ್ಕವ್ರಲ್ಲ!"

ಅಷ್ಟರಲ್ಲಿ ಮೇಲೆ ಕಾಲುಗಳ ಸದ್ದಾಯಿತು. ಶಿವಮಲ್ಲು ಹಗ್ಗವನ್ನು ಹುಣಸೆ ಮರಕ್ಕೆ ಸುತ್ತಿದ. ಚೇಟ ಅದನ್ನು ಹಿಡಿದು ಹಿಂದಕ್ಕೆ ಒರಗಿ ನಿಂತ. ರತ್ನಕ್ಕ ಸೀರೆಯನ್ನು ಕಚ್ಚೆ ಹಾಕಿ ಕಟ್ಟಿ, ಸೊಂಟಕ್ಕೆ ಹಗ್ಗ ಬಿಗಿದು, ಗೋಡೆಗೆ ಕಾಲು ಕೊಟ್ಟುಕೊಂಡು ಇಳಿಯತೊಡಗಿದಳು. ಅರ್ಧಕ್ಕೆ ಬಂದು ನಿಂತುಬಿಟ್ಟಳು. ಅವಳ ಕಾಲಡಿಯ ಕಲ್ಲೊಂದು ಕಿತ್ತು ನನ್ನ ಪಕ್ಕದಲ್ಲೇ ಬಿತ್ತು.

"ಮಾವ, ಭಯ ಆಯ್ತಾ ಅದೆ!" ಎಂದು ಕೂಗಿದಳು.

"ಆಗ್ಲಿ ಬುಡವ್ವ! ಅಗ್ಗ ಭದ್ರಾಗದೆ. ಎಡಗಾಲ್ನ ಇನ್ನೊಂದ್ ಗೇಣು ಕೆಳಕ್ ಬುಡು. ಅಲ್ಲೊಂದ್ ಸಂದಿ ಅದೆ. ಸಿಕ್ತಾ?"

"ಸಿಕ್ತು."

ಆ ಬಾವಿಯ ಒಂದೊಂದು ಸಂದಿಯೂ ತಾತನಿಗೆ ಬಾಯಿಪಾಠವಾಗಿತ್ತು. ಅವರು ಹೇಳಿದಂತೆ ಅವಳು ಹೆಜ್ಜೆ ಹೆಜ್ಜೆಗೂ ಕೇಳಿಕೊಂಡು ಇಳಿದಳು. ಅವಳು ಕೈ ಚಾಚುವಷ್ಟು ಹತ್ತಿರ ಬಂದಾಗಲೇ ನನ್ನ ಕೈ ಸೋತು ಪೈಪಿನಿಂದ ಜಾರಿತು. ಮುಳುಗಿದೆ. ಹಸಿರು, ಆಮೇಲೆ ಕಪ್ಪು. ಯಾರೋ ಹಿಂದಿನಿಂದ ಕೂದಲಿಗೆ ಕೈ ಹಾಕಿ ಎಳೆದರು. ಮುಂದಿನ ಕ್ಷಣ ರತ್ನಕ್ಕನ ತೋಳು ನನ್ನ ಎದೆಯ ಸುತ್ತ ಕಬ್ಬಿಣದ ಪಟ್ಟಿಯಂತೆ ಬಿಗಿದಿತ್ತು. "ಎಳೀರಿ!" ಎಂದು ಅವಳು ಕಿರುಚಿದ್ದು, ಮೇಲಿಂದ ಚೇಟ "ಪಿಡಿಚ್ಚೋ! ಪಿಡಿಚ್ಚೋ!" ಎಂದು ಕೂಗಿದ್ದು ಕೇಳಿಸಿತು. ಗಟ್ಟಿಯಾಗಿ ಹಿಡಿದುಕೊ ಎಂದು ಅವನ ಭಾಷೆಯಲ್ಲಿ ಹೇಳುತ್ತಿದ್ದ. ಯಾರೂ ಅನುವಾದ ಮಾಡಿ ಹೇಳಬೇಕಾಗಿರಲಿಲ್ಲ.

ದಡದಲ್ಲಿ ನನ್ನನ್ನು ಮಕಾಡೆ ಮಲಗಿಸಿ ನೀರು ಕಕ್ಕಿಸಿದರು. ಕಣ್ಣು ಬಿಟ್ಟರೆ ರತ್ನಕ್ಕನ ಎರಡು ಮಂಡಿಯೂ ತರಚಿ ರಕ್ತ ಸುರಿಯುತ್ತಿತ್ತು. ಅವಳು ನನ್ನ ಕೆನ್ನೆಗೆ ಒಂದು ಬಾರಿಸಿ, ಆಮೇಲೆ ತಬ್ಬಿಕೊಂಡು ನನಗಿಂತ ಜೋರಾಗಿ ಅತ್ತಳು. ಓಡಿ ಬಂದ ಅವ್ವನಿಗೆ ನನ್ನನ್ನು ಹೊಡೆಯಲು ಜಾಗವೇ ಸಿಗಲಿಲ್ಲ. ಸ್ವಲ್ಪ ದೂರದಲ್ಲಿ ಮಾದಪ್ಪತಾತ ಅಂಗಿ ಹಾಕಿಕೊಳ್ಳುತ್ತಿದ್ದರು. ಗುಂಡಿ ಕಾಜಕ್ಕೆ ಹೋಗುತ್ತಲೇ ಇರಲಿಲ್ಲ. ಕೊನೆಗೆ ಶಿವಮಲ್ಲು ಹೋಗಿ ಹಾಕಿಕೊಟ್ಟ.

ಮೂರು ದಿನ ನನಗೆ ಜ್ವರ. ಪುಸ್ತಕ ಬಾವಿಯಲ್ಲೇ ಉಳಿಯಿತು. ವಿಷಯ ತಿಳಿದ ಪೇಪರ್ ಅಂಗಡಿಯವರು ಅಪ್ಪನ ಕೈಲಿ ಇನ್ನೊಂದು ಪುಸ್ತಕ ಕಳಿಸಿ, 'ಇದನ್ನು ಮನೆಯೊಳಗೇ ಓದತಕ್ಕದ್ದು' ಎಂದು ಮೇಲೆ ಬರೆದಿದ್ದರು. ನನ್ನನ್ನು ನೋಡಲು ತಾತ ಬಂದಾಗ ಅಪ್ಪ ಸಂಕೋಚದಿಂದಲೇ ಕೇಳಿದರು: "ಅವತ್ತು ಇಳೀದೆ ಎಂಗ್ ತಡ್ಕೊಂಡೆ ಮಾವ?"

ತಾತ ಜಗುಲಿಯ ಕಂಬಕ್ಕೆ ಒರಗಿದರು. "ಕಾಲು ಧುಮ್ಕು ಧುಮ್ಕು ಅಂತಿತ್ತು ಕನಪ್ಪ. ಮಗ ಕೂಗ್ತಾ ಅದೆ, ನಾನ್ ನಿಂತಿವ್ನಿ. ಇಷ್ಟ್ ವರ್ಸ ಇಳ್ದಿದ್ದೆಲ್ಲ ಒಂದು, ಅವತ್ ನಿಂತಿದ್ದೇ ಒಂದು." ಅಷ್ಟು ಹೇಳಿ ನನ್ನ ಹಣೆ ಮುಟ್ಟಿ ನೋಡಿ, ಜ್ವರ ಇಳಿದಿದೆ ಎಂದರು.

ಹೊಸ ಪಡೆ ಆಮೇಲೆ ಎಷ್ಟೋ ವರ್ಷ ಕೆಲಸ ಮಾಡಿತು. ಅಕ್ಕಪಕ್ಕದ ಊರುಗಳಿಂದಲೂ ರತ್ನಕ್ಕನನ್ನು ಕರೆಯಲು ಬರುತ್ತಿದ್ದರು. ಅವಳು ಇಳಿದಲ್ಲೆಲ್ಲ ಹೆಂಗಸರು ಕೈ ಕೊಟ್ಟರು; ತಾತನ ಮಾತು ನಿಜವಾಯಿತು. ನಾನು ಮಿಂಚುಪಡೆಯ ಕನ್ನಡಕದ ಹುಡುಗಿಯ ಪರಮಭಕ್ತನಾದೆ. ಇಷ್ಟನ್ನೂ ಮೊನ್ನೆ ಮಗಳಿಗೆ ಹೇಳಿದೆ. ಕೇಳುತ್ತ ಕೇಳುತ್ತ ಅವಳು ಆರು ಇಡ್ಲಿ ತಿಂದಳು. ಆದರೆ ಒಂದನ್ನು ಮಾತ್ರ ಅವಳಿಗೆ ಹೇಳಲಾಗಲಿಲ್ಲ, ಅದನ್ನು ನಿಮಗೆ ಹೇಳಿಬಿಡುತ್ತೇನೆ.

ನಾನು ಎದ್ದು ಓಡಾಡುವಂತಾದ ಮೇಲೆ ಅವ್ವ ಆರು ಜನರನ್ನೂ ಊಟಕ್ಕೆ ಕರೆದಳು. ಒಬ್ಬಟ್ಟು ಮಾಡಿದ್ದಳು. ನಡುಮನೆಯಲ್ಲಿ ಎಲೆ ಹಾಕಿ, ಮೊದಲನೆಯ ಎಲೆಯ ಮುಂದೆ ಮಣೆಯಿಟ್ಟು, "ಮಾವ, ಕುಂತ್ಕಳಿ" ಎಂದಳು. ಊರಿನ ಯಾವ ಪಂಕ್ತಿಯಲ್ಲೂ ಮೊದಲನೆಯ ಎಲೆ ಮಾದಪ್ಪತಾತನದೇ. ಅದರಲ್ಲಿ ಎರಡು ಮಾತಿರಲಿಲ್ಲ. ತಾತ ರತ್ನಕ್ಕನ ರಟ್ಟೆ ಹಿಡಿದು ಕರೆತಂದು ಆ ಮಣೆಯ ಮೇಲೆ ಕೂರಿಸಿದರು. ಅವಳು ಗಾಬರಿಯಾಗಿ ಎದ್ದು ನಿಂತಳು. "ಅಯ್ಯೋ, ಬುಡಿ ಮಾವ, ನಿಮ್ ಜಾಗ ಅದು."

"ಕುಂತ್ಕೊ" ಎಂದರು ತಾತ. ಶಿವಮಲ್ಲುವನ್ನು ಅವಳ ಪಕ್ಕಕ್ಕೆ, ಚೇಟನನ್ನು ಅವನ ಪಕ್ಕಕ್ಕೆ ಕೂರಿಸಿದರು. ಬೊಮ್ಮಣ್ಣ, ಕೆಂಪಯ್ಯ ತಾವಾಗಿಯೇ ಕೆಳಗಿನ ಎಲೆಗಳಿಗೆ ಸರಿದರು. ತಾತನಿಗೆಂದು ಕೊನೆಯಲ್ಲೊಂದು ಎಲೆ ಉಳಿದಿತ್ತು. ಅವರು ಅಲ್ಲಿಗೂ ಹೋಗಲಿಲ್ಲ. ಟವೆಲ್ಲನ್ನು ಸೊಂಟಕ್ಕೆ ಸುತ್ತಿಕೊಂಡು ಅವ್ವನ ಕೈಯಿಂದ ಒಬ್ಬಟ್ಟಿನ ತಟ್ಟೆ ಇಸಿದುಕೊಂಡರು. ಬಗ್ಗಿ, ರತ್ನಕ್ಕನ ಎಲೆಗೆ ಮೊದಲನೆಯ ಒಬ್ಬಟ್ಟು ಹಾಕಿ, ಅದರ ಮೇಲೆ ತಾವೇ ತುಪ್ಪ ಬಿಟ್ಟು, "ಉಣ್ಣವ್ವ" ಎಂದರು.